ವಿಮಾನ ನಿಲ್ದಾಣದ ಗೋಡೆಯ ಕಲೆ ಯಾರಿಗೆ ಕಾಣುತ್ತದೆ?

ಕರಾವಳಿಯವರಾದ ನಮಗೆ ವಿಮಾನವೆಂದರೆ ಬಜ್ಪೆ. ಘಟ್ಟದ ಮೇಲಿನ ಹೊಸರಿತ್ತಿ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ಹತ್ತಿರದ್ದು ಹುಬ್ಬಳ್ಳಿ. ವಿದೇಶಕ್ಕೆ ಹೊರಟ ಮಕ್ಕಳನ್ನು ಬೀಳ್ಕೊಡಲು ಹೆಚ್ಚಾಗಿ ಬೆಂಗಳೂರಿಗೇ ಬರಬೇಕು. ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ಟಿಕೆಟ್ ಮತ್ತು ಗುರುತಿನ ಚೀಟಿ ಇದ್ದವರಿಗಷ್ಟೇ ಒಳಗೆ ಪ್ರವೇಶ.

ಒಳಗಿರುವುದೇನು? ಬೆಂಗಳೂರಿನ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡು, 2023ರ ಜನವರಿಯಲ್ಲಿ ಬಳಕೆಗೆ ಬಂತು. ಬಿದಿರಿನ ಚಾವಣಿ, ತೂಗುವ ಗಿಡಗಳ ನಡುವೆ ನವರಸಗಳನ್ನು ಆಧರಿಸಿದ ಕಲಾಕೃತಿಗಳಿವೆ. ಮುಂಬಯಿಯಲ್ಲಿ 2014ರಲ್ಲಿ ತೆರೆದ ಟರ್ಮಿನಲ್‌ನದು ಇನ್ನೂ ದೊಡ್ಡ ಸಾಹಸ: ರಾಜೀವ್ ಸೇಠಿಯವರ ನೇತೃತ್ವದಲ್ಲಿ ಸುಮಾರು 3 ಕಿ.ಮೀ. ಉದ್ದದ ಗೋಡೆಯ ಮೇಲೆ 5,500ಕ್ಕೂ ಹೆಚ್ಚು ಕೃತಿಗಳು. ಹಳೆಯ ಮನೆಗಳ ಬಾಗಿಲು, ಕಿಟಕಿಗಳಿಗೂ ಅಲ್ಲಿ ಜಾಗ ಸಿಕ್ಕಿದೆ. ದೆಹಲಿಯ ಮೂರನೇ ಟರ್ಮಿನಲ್‌ನಲ್ಲಿ (2010) ವಲಸೆ ತಪಾಸಣೆಯ ಕೌಂಟರ್‌ಗಳ ಮೇಲ್ಭಾಗದಲ್ಲಿ ಬೃಹತ್ ಹಸ್ತಮುದ್ರೆಗಳಿವೆ.

ಇಂಥ ಕಲೆಗೆ ತನ್ನದೇ ಕಷ್ಟಗಳಿವೆ. ನೋಡುವವರು ನಿಲ್ಲುವುದಿಲ್ಲ, ಪೆಟ್ಟಿಗೆ ಎಳೆದುಕೊಂಡು ಓಡುತ್ತಾರೆ. ಆದುದರಿಂದ ಕೃತಿ ದೊಡ್ಡದಿರಬೇಕು, ಎತ್ತರದಲ್ಲಿರಬೇಕು, ದೂರದಿಂದಲೇ ಅರ್ಥವಾಗಬೇಕು. ದಾರಿಗೆ ಅಡ್ಡ ಬರಬಾರದು. ಜನ ನಿಜವಾಗಿ ತಲೆಯೆತ್ತಿ ನೋಡುವುದು ಸಾಲಿನಲ್ಲಿ ಕಾಯುವಾಗ ಮತ್ತು ಲಗೇಜಿಗಾಗಿ ನಿಂತಾಗ ಮಾತ್ರ. ದೆಹಲಿಯ ಮುದ್ರೆಗಳು ಅಷ್ಟು ಜನರ ನೆನಪಿನಲ್ಲಿ ಉಳಿದದ್ದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ. (ಮೊಬೈಲ್ ಬಂದ ಮೇಲೆ ತಲೆಯೆತ್ತುವವರೂ ಕಡಿಮೆಯೆನ್ನಿ.)

ಸಾರ್ವಜನಿಕ ಕಲೆ ಎನ್ನುವ ಮಾತು ನಮ್ಮನ್ನು ತಡೆಯುವುದು ಇಲ್ಲಿ. ಹಳ್ಳಿಯ ಕುಸುರಿಗಾರರ ಕೈಕೆಲಸ ಈ ಗೋಡೆ ಏರುತ್ತದೆ. ಅವರ ನೆರೆಹೊರೆಯವರಿಗೆ ಅದನ್ನು ನೋಡಲು ವಿಮಾನದ ಟಿಕೆಟ್ ಬೇಕು. ಭದ್ರತೆಯ ಕಾರಣ ನಮಗೆ ಅರ್ಥವಾಗುತ್ತದೆ. ಆದರೂ ಕೆಲವು ಒಳ್ಳೆಯ ಕೃತಿಗಳನ್ನು ಬೀಳ್ಕೊಡುವವರು ಕಾಯುವ ಹೊರ ಅಂಗಳದಲ್ಲೇ ಇಡುವುದಕ್ಕೆ ಏನಡ್ಡಿ?

ಹಾಗೆ ಹೊರಗಿರುವುದು ಒಂದಿದೆ. ಅದೇ ದಿನ ಅನಾವರಣಗೊಂಡ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ, ಶಿಲ್ಪಿ ರಾಮ್ ಸುತಾರ್ ಅವರದು. ಅದಕ್ಕೆಂದು ರಾಜ್ಯದ ಊರೂರುಗಳಿಂದ ಮಣ್ಣು ತರಿಸಲಾಗಿತ್ತು. ಹೊಸರಿತ್ತಿಯ ಕಡೆಯವರಿಗಾದರೆ ಇನ್ನೂ ಹತ್ತಿರದಲ್ಲಿ, ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಇದೆ. ಉಳುವವರು, ಬೀಸುವವರು, ಹಾಲು ಕರೆಯುವವರು ಅಲ್ಲಿ ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಂತಿದ್ದಾರೆ. ಅಲ್ಲಿಗೆ ಬಸ್ಸಿನಲ್ಲೇ ಹೋಗಿಬರಬಹುದು.