ದುಡ್ಡು ಕಟ್ ಆಯ್ತು, ಬಾಕ್ಸ್ ಮಾತಾಡಲಿಲ್ಲ

ಜಯನಗರ 4ನೇ ಬ್ಲಾಕಿನ ಮಾರ್ಕೆಟ್ ಸುತ್ತ ಸಂಜೆ ಹೊತ್ತು ಓಡಾಡುವವರಿಗೆ ಈ ಮಾತುಕತೆ ಹೊಸದಲ್ಲ.

‘ಅಣ್ಣಾ, ನಲವತ್ತು ಹಾಕಿದೀನಿ, ನೋಡಿ.’

‘ಬಂದಿಲ್ಲ ಅಕ್ಕ. ಬಾಕ್ಸ್ ಹೇಳ್ಲಿಲ್ವಲ್ಲ.’

‘ನಂದ್ರಲ್ಲಿ ಕಟ್ ಆಗಿದೆ, ಮೆಸೇಜೂ ಬಂತು!’

ಇಬ್ಬರದ್ದೂ ನಿಜ. ಸೊಪ್ಪು ಕೊಂಡವರ ಖಾತೆಯಿಂದ ಹಣ ಹೋಗಿದೆ, ಹಣ ಬಂದರೆ ಕೂಗಿ ಹೇಳಬೇಕಾದ ಗಾಡಿಯ ಬಾಕ್ಸ್ ಸುಮ್ಮನಿದೆ, ಮಾರಿದವರಿಗೆ ಸುದ್ದಿಯಿಲ್ಲ. ಹಿಂದೆ ನಿಂತವರು ‘ಸರ್ವರ್ ಡೌನ್ ಇರ್ಬೇಕು’ ಎಂದು ತೀರ್ಪು ಕೊಡುತ್ತಾರೆ. ಕೊಂಡವರ ಬ್ಯಾಂಕಿನ ಸರ್ವರ್ ಮಲಗಿದ್ದರೆ ಹಣ ಕಟ್ ಆಗುತ್ತಲೇ ಇರಲಿಲ್ಲ. ಅದು ಎದ್ದೇ ಇತ್ತು, ಕೆಲಸವನ್ನೂ ಮಾಡಿತು. ಮುಂದಿನ ಕರೆಯೋ ಹಿಂದಿನ ಉತ್ತರವೋ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು, ಅಷ್ಟೆ.

ಇದರ ಮೂಲ ಹುಡುಕಲು ಬಿಟಿಎಂ ಲೇಔಟಿನ ಪಿಜಿಯಲ್ಲಿ ಕೂತು ಕೋಡ್ ಬರೆಯುವ ಹುಡುಗಿಯೊಬ್ಬಳ ಪರದೆ ನೋಡಬೇಕು. ಅವಳು ಬರೆಯುವುದು ಒಂದೇ ಸಾಲು: ಪಾವತಿಸು, ಇಂಥವರಿಗೆ, ಇಷ್ಟು. ಪ್ರೋಗ್ರಾಮಿನ ಭಾಷೆಯಲ್ಲಿ ಇದು ಒಂದು ಫಂಕ್ಷನ್ ಅಥವಾ ಪ್ರೊಸೀಜರನ್ನು ಕರೆಯುವುದು. ಕರೆದ ಪ್ರೊಸೀಜರ್ ಅದೇ ಕಂಪ್ಯೂಟರಿನಲ್ಲಿದ್ದರೆ ಎರಡೇ ಸಾಧ್ಯತೆ. ಅದು ಉತ್ತರದೊಂದಿಗೆ ಮರಳುತ್ತದೆ, ಇಲ್ಲವಾದರೆ ಇಡೀ ಪ್ರೋಗ್ರಾಮೇ ಸಾಯುತ್ತದೆ. ಬೇರೆ ಊರಿನ ಬೇರೆ ಯಂತ್ರದಲ್ಲಿದ್ದರೆ ಅದು ರಿಮೋಟ್ ಪ್ರೊಸೀಜರ್ ಕಾಲ್, ಚಿಕ್ಕದಾಗಿ ಆರ್‌ಪಿಸಿ. ಇಲ್ಲಿ ಮೂರನೆಯದೊಂದು ಸಾಧ್ಯತೆ ಹುಟ್ಟುತ್ತದೆ: ಏನಾಯಿತೋ ಗೊತ್ತಿಲ್ಲ. ಕರೆ ತಲುಪಲೇ ಇಲ್ಲವೋ, ತಲುಪಿದ ಮೇಲೆ ಯಂತ್ರ ಕೆಟ್ಟಿತೋ, ಕೆಲಸ ಮುಗಿದು ಉತ್ತರ ಕಳೆದುಹೋಯಿತೋ? ಕರೆದವರ ಕಡೆ ಈ ಮೂರೂ ಒಂದೇ ಥರ ಕಾಣುತ್ತವೆ. ಫೋನಿನಲ್ಲಿ ಗರಗರ ತಿರುಗುವ ಆ ಚಕ್ರ!

ದೂರದ ಯಂತ್ರವನ್ನೂ ಪಕ್ಕದಲ್ಲಿದ್ದಂತೆ ಕರೆಯುವ ಉಪಾಯವನ್ನು ಸರಿಯಾಗಿ ಕಟ್ಟಿ ತೋರಿಸಿದವರು ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್. ಇದೇ ವಿಷಯದ ಮೇಲೆ ನೆಲ್ಸನ್ 1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಬರೆದಿದ್ದರು. 1984ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನದ ಪ್ರಕಾರ, ಏನನ್ನೂ ಕೇಳದ, ಏನನ್ನೂ ಮರಳಿಸದ ಖಾಲಿ ಕರೆಗೆ ಹೋಗಿಬರಲು ಹಿಡಿದ ಸಮಯ ಸುಮಾರು ಒಂದು ಮಿಲಿಸೆಕೆಂಡ್. ಆ ಕಾಲಕ್ಕೆ ಅದು ಮಿಂಚಿನ ವೇಗ. ಇನ್ನೊಂದು ಜಾಣತನವನ್ನೂ ಅವರು ಮಾಡಿದ್ದರು. ಕರೆ ಬಂದಾಗಲೆಲ್ಲ ಅದನ್ನು ನೋಡಿಕೊಳ್ಳಲು ಹೊಸ ಪ್ರೊಸೆಸ್ ಹುಟ್ಟಿಸುವುದು ದುಬಾರಿ. ಅದಕ್ಕಾಗಿ ಪ್ರತಿ ಯಂತ್ರದಲ್ಲೂ ಕೆಲಸವಿಲ್ಲದೆ ಕಾಯುವ ಒಂದಷ್ಟು ಪ್ರೊಸೆಸ್‌ಗಳನ್ನು ಮೊದಲೇ ಸಿದ್ಧವಾಗಿ ಇಟ್ಟಿದ್ದರು. ಇಂದಿನ ಬಹಳಷ್ಟು ಸರ್ವರ್‌ಗಳಲ್ಲಿ ಇರುವ ‘ಥ್ರೆಡ್ ಪೂಲ್’ ಇದೇ ವಂಶದ್ದು.

ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಗೊತ್ತಿರುವವರಿಗೆ ಕರೆಗೆ ಉತ್ತರಿಸುವ ಯಂತ್ರದ, ಅಂದರೆ ಸರ್ವರಿನ, ಒಳಮನೆ ಅಪರಿಚಿತವೆನಿಸದು. ಅರ್ಜಿ ಹಾಕಲು ಒಂದು ಕಿಟಕಿ. ಇಲ್ಲಿ ಅದರ ಹೆಸರು ಪೋರ್ಟ್. ಒಳಗೆ ಲಕೋಟೆ ಒಡೆಯುವ ಗುಮಾಸ್ತ, ಇನ್‌ವರ್ಡ್ ನಂಬರ್ ಬರೆಯುವ ರಿಜಿಸ್ಟರ್, ಯಾವ ಕಾಗದ ಯಾವ ಮೇಜಿಗೆ ಎಂಬ ಪಟ್ಟಿ, ಮೇಜಿನಲ್ಲಿ ವಿಷಯ ನಿರ್ವಾಹಕ. ಆತ ಟಿಪ್ಪಣಿ ಬರೆದ ಮೇಲೆ ಉತ್ತರ ಲಕೋಟೆ ಸೇರಿ ಹೊರಡುತ್ತದೆ. ಕಚೇರಿಯಲ್ಲಿ ತಿಂಗಳು ಹಿಡಿಯುವುದು ಇಲ್ಲಿ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂಬುದನ್ನು ಬಿಟ್ಟರೆ ವರಸೆ ಅದೇ.

ಲಕೋಟೆ ಒಡೆಯುವ ಕೆಲಸ ಸಣ್ಣದಲ್ಲ. ತಂತಿಯ ಮೇಲೆ ಬರುವುದು ಬರೀ ಬೈಟುಗಳ ಸಾಲು. 40 ಎಂಬ ಸಂಖ್ಯೆಯನ್ನು ನಾಲ್ಕು ಬೈಟುಗಳಲ್ಲಿ ಬರೆದರೆ ಮೂರು ಸೊನ್ನೆ, ಕೊನೆಗೆ ಒಂದು 40. ಕೆಲವು ಚಿಪ್‌ಗಳು ಇದನ್ನು ಎಡದಿಂದ ಬರೆದರೆ ಇನ್ನು ಕೆಲವು ಬಲದಿಂದ ಬರೆಯುತ್ತವೆ. ಕಳಿಸಿದವರು ಒಂದು ತುದಿಯಿಂದ ಬರೆದು, ಓದುವವರು ಇನ್ನೊಂದು ತುದಿಯಿಂದ ಓದಿದರೆ ನಲವತ್ತು ರೂಪಾಯಿ 67,10,88,640 ರೂಪಾಯಿ ಆಗುತ್ತದೆ. ಸೊಪ್ಪಿನ ಬೆಲೆ ಇನ್ನೂ ಅಷ್ಟು ಏರಿಲ್ಲ. 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತನ್ನ ಆರ್‌ಪಿಸಿಗೆ ಒಂದು ನಿಯಮ ಕಟ್ಟಿತು: ಎಲ್ಲವೂ ನಾಲ್ಕು ನಾಲ್ಕು ಬೈಟುಗಳ ಕಟ್ಟಿನಲ್ಲಿ, ದೊಡ್ಡ ಸ್ಥಾನ ಮೊದಲು. ಮೇಜುಗಳಿಗೂ ಆ ಕಂಪನಿಯೇ ನಂಬರ್ ಕೊಟ್ಟಿತು. ಪ್ರತಿ ಕರೆಯಲ್ಲಿ ಪ್ರೋಗ್ರಾಮಿನ ಸಂಖ್ಯೆ, ಆವೃತ್ತಿಯ ಸಂಖ್ಯೆ, ಪ್ರೊಸೀಜರಿನ ಸಂಖ್ಯೆ ಇರಬೇಕು. ದೂರದ ಫೈಲುಗಳನ್ನು ಒದಗಿಸುವ ಎನ್‌ಎಫ್‌ಎಸ್‌ನ ಸಂಖ್ಯೆ 100003. ಪ್ರೊಸೀಜರ್ ಸಂಖ್ಯೆ ಸೊನ್ನೆಗೆ ಏನೂ ಮಾಡುವ ಕೆಲಸವಿಲ್ಲ, ‘ಇದ್ದೀರಾ?’ ಎಂದು ಕೇಳಿದವರಿಗೆ ‘ಇದ್ದೇವೆ’ ಎನ್ನುವುದಷ್ಟೇ. ಫೋನಿನಿಂದ ಹಣ ಕಳಿಸುವ ನಮ್ಮ ಯುಪಿಐ ಬೈಟುಗಳ ಈ ತಲೆನೋವನ್ನು ಬೇರೆ ಬಗೆಯಲ್ಲಿ ಕಳೆದುಕೊಂಡಿದೆ. ಅಲ್ಲಿನ ಸಂದೇಶಗಳು ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿದ್ದು, ಮೊತ್ತವೂ ಅಕ್ಷರವಾಗಿಯೇ ಹೋಗುತ್ತದೆ. ತೂಕ ಹೆಚ್ಚು, ಗೊಂದಲ ಕಡಿಮೆ.

ಗುಮಾಸ್ತ ಯಾರನ್ನೂ ನಂಬಬಾರದು. ‘ಮುಂದೆ ಇಷ್ಟು ಬೈಟು ಬರುತ್ತದೆ’ ಎಂದು ಕಳಿಸಿದವರು ಬರೆದಿದ್ದರೆ ಅದನ್ನೇ ನಂಬಿ ಜಾಗ ತೆಗೆದಿಟ್ಟ ಸರ್ವರ್‌ಗಳು ಕಳ್ಳರಿಗೆ ಬಾಗಿಲು ತೆರೆದುಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಯುಪಿಐ ನಡೆಸುವ ಎನ್‌ಪಿಸಿಐ 2025ರ ಫೆಬ್ರವರಿ 1ರಿಂದ, ವಹಿವಾಟಿನ ಗುರುತಿನಲ್ಲಿ ಅಕ್ಷರ ಮತ್ತು ಅಂಕಿ ಬಿಟ್ಟು ಬೇರೆ ಚಿಹ್ನೆ ಇದ್ದರೆ ಕಿಟಕಿಯಲ್ಲೇ ತಿರಸ್ಕರಿಸತೊಡಗಿತು. ಕೇಳಲು ಹಟಮಾರಿತನ, ಆದರೆ ಒಂದು ಅಡ್ಡಗೆರೆ ಕೂಡ ಬೇರೆ ಬೇರೆ ಬ್ಯಾಂಕಿನ ಗಣಕದಲ್ಲಿ ಬೇರೆ ಬೇರೆ ಅರ್ಥ ಕೊಡಬಲ್ಲದು.

ಇನ್ನು ರಿಜಿಸ್ಟರಿಗೆ ಬರೋಣ. ನನ್ನ ಮಟ್ಟಿಗೆ ಇಡೀ ಸರ್ವರಿನ ಜೀವ ಇರುವುದು ಇಲ್ಲಿ. ಉತ್ತರ ಬರದಿದ್ದಾಗ ಕರೆ ಕಳಿಸಿದ ಯಂತ್ರ, ಅಂದರೆ ಕ್ಲೈಂಟ್, ಏನು ಮಾಡುತ್ತದೆ? ಮತ್ತೆ ಕೇಳುತ್ತದೆ. ‘ಬ್ಯಾಲೆನ್ಸ್ ಎಷ್ಟು’ ಎಂದು ಹತ್ತು ಸಲ ಕೇಳಿದರೂ ಯಾರಿಗೂ ನಷ್ಟವಿಲ್ಲ. ‘ನಲವತ್ತು ಕಳೆ’ ಎಂದು ಎರಡನೇ ಸಲ ಕೇಳಿದಾಗ ಸರ್ವರ್ ಮತ್ತೆ ಕಳೆದರೆ ಕೆಟ್ಟಿತು. ಎನ್‌ಎಫ್‌ಎಸ್‌ನ ಆರಂಭದ ದಿನಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ‘ಈ ಫೈಲ್ ಅಳಿಸು’ ಎಂಬ ಕರೆ ಬಂತು, ಸರ್ವರ್ ಅಳಿಸಿತು, ಉತ್ತರ ಕಳೆದುಹೋಯಿತು. ಕ್ಲೈಂಟ್ ಮತ್ತೆ ‘ಅಳಿಸು’ ಎಂದಾಗ ಸರ್ವರ್ ಹುಡುಕಿ ನೋಡಿ ‘ಅಂಥ ಫೈಲೇ ಇಲ್ಲ’ ಎಂದಿತು. ಕೆಲಸ ಸಲೀಸಾಗಿ ಆಗಿದೆ, ಉತ್ತರ ಮಾತ್ರ ಸೋಲಿನದು. ಹೀಗಾಗಬಾರದೆಂದು ಸರ್ವರ್ ಇತ್ತೀಚಿನ ಕರೆಗಳ ಗುರುತನ್ನೂ ಅವಕ್ಕೆ ಕೊಟ್ಟ ಉತ್ತರವನ್ನೂ ನೆನಪಿಡತೊಡಗಿತು. ಅದೇ ಗುರುತಿನ ಕರೆ ಮತ್ತೆ ಬಂದರೆ ಕೆಲಸ ಮಾಡುವಂತಿಲ್ಲ, ಹಳೆಯ ಉತ್ತರದ ಪ್ರತಿಯನ್ನೇ ಕಳಿಸಬೇಕು.

ಯುಪಿಐನಲ್ಲಿ ಪ್ರತಿ ಪಾವತಿಗೂ 35 ಅಕ್ಷರಗಳ ಒಂದು ಗುರುತು ಅಂಟಿಕೊಂಡಿರುತ್ತದೆ. ಕೊಳ್ಳುವವರ ಆ್ಯಪ್‌ನಿಂದ ಹೊರಟ ಕರೆ ಮೊದಲು ಎನ್‌ಪಿಸಿಐಗೆ ಹೋಗುತ್ತದೆ. ಅಲ್ಲಿಂದ ಮಾರುವವರ ವಿಳಾಸ ವಿಚಾರಿಸಲು ಒಂದು ಕರೆ, ಕೊಳ್ಳುವವರ ಬ್ಯಾಂಕಿಗೆ ‘ಕಳೆ’ ಎಂದೊಂದು ಕರೆ, ಮಾರುವವರ ಬ್ಯಾಂಕಿಗೆ ‘ಕೂಡು’ ಎಂದು ಮತ್ತೊಂದು. ಯಾವ ಕರೆಯನ್ನೂ ಸರ್ವರ್ ಕೆಲಸ ಮುಗಿಯುವವರೆಗೆ ಕಿಟಕಿಯಲ್ಲಿ ಹಿಡಿದು ನಿಲ್ಲಿಸುವುದಿಲ್ಲ. ‘ತಲುಪಿತು’ ಎಂಬ ಸ್ವೀಕೃತಿಯನ್ನು ಆಗಲೇ ಕೊಟ್ಟು, ಫಲಿತಾಂಶವನ್ನು ಬೇರೆ ಸಂದೇಶದಲ್ಲಿ ತಾನೇ ಕಳಿಸುತ್ತದೆ. ‘ಕಳೆ’ ನಡೆದು ‘ಕೂಡು’ ಎಂಬುದರ ಉತ್ತರ ಸಿಕ್ಕಿಕೊಂಡಾಗಲೇ ಸೊಪ್ಪಿನ ಗಾಡಿಯ ಮುಂದೆ ವಾದ ಶುರುವಾಗುವುದು.

ರಿಜಿಸ್ಟರಿನಲ್ಲಿ ಬರೆಯುವುದು ಯಾವಾಗ ಎಂಬುದು ನಾಜೂಕಿನ ಪ್ರಶ್ನೆ. ಮೊದಲು ಹಣ ಕಳೆದು ಆಮೇಲೆ ಬರೆಯೋಣ ಎಂದರೆ, ನಡುವೆ ಯಂತ್ರ ಕೆಟ್ಟಾಗ ನೆನಪೇ ಇಲ್ಲದ ಸರ್ವರ್ ಮುಂದಿನ ಕರೆಗೆ ಮತ್ತೆ ಕಳೆಯುತ್ತದೆ. ಮೊದಲು ಬರೆದು ಆಮೇಲೆ ಕಳೆಯೋಣ ಎಂದರೆ, ಮಾಡದ ಕೆಲಸವನ್ನು ‘ಆಗಿದೆ’ ಎನ್ನುತ್ತದೆ. ಹಾಗಾಗಿ ಹಣ ಕಳೆಯುವುದನ್ನೂ ಗುರುತು ಬರೆಯುವುದನ್ನೂ ಡೇಟಾಬೇಸಿನಲ್ಲಿ ಒಂದೇ ಗಂಟಾಗಿ ಕಟ್ಟುತ್ತಾರೆ; ಆಗುವುದಿದ್ದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಈ ಗಂಟು ಒಂದು ಬ್ಯಾಂಕಿನ ಗೋಡೆಯೊಳಗೆ ಚೆನ್ನಾಗಿ ನಿಲ್ಲುತ್ತದೆ. ಎರಡು ಬ್ಯಾಂಕುಗಳ ನಡುವೆ ಕಟ್ಟುವುದು ಕಷ್ಟ.

ಮರೆಯದ ಸರ್ವರ್ ಕೂಡ ಮುಳುಗಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಸರ್ವರಿನಲ್ಲಿ ನೂರು ವಿಷಯ ನಿರ್ವಾಹಕರಿದ್ದಾರೆ, ಒಂದು ಕರೆಗೆ 50 ಮಿಲಿಸೆಕೆಂಡ್. ಸೆಕೆಂಡಿಗೆ 2,000 ಕರೆ ವಿಲೇವಾರಿ. ಸರ್ವರಿನ ಹಿಂದೆ ನಿಂತ ಡೇಟಾಬೇಸ್ ಏದುಸಿರು ಬಿಟ್ಟು ಪ್ರತಿ ಕರೆಗೂ 500 ಮಿಲಿಸೆಕೆಂಡ್ ಹಿಡಿಯಿತು ಎನ್ನಿ. ವಿಲೇವಾರಿ 200ಕ್ಕೆ ಇಳಿಯುತ್ತದೆ, ಬರುವುದು ಮಾತ್ರ 2,000. ಹತ್ತೇ ಸೆಕೆಂಡಿನಲ್ಲಿ 18,000 ಕರೆಗಳ ರಾಶಿ. ಕೊನೆಯಲ್ಲಿ ನಿಂತ ಕರೆಯ ಸರದಿ ಬರಲು 90 ಸೆಕೆಂಡ್ ಬೇಕು. ಕರೆದವರು 15 ಸೆಕೆಂಡಿಗೇ ಕೈಬಿಟ್ಟು ಹೋಗಿರುತ್ತಾರೆ. ಆದರೂ ಸರ್ವರ್ ಶ್ರದ್ಧೆಯಿಂದ ಸರದಿ ಪ್ರಕಾರ, ಯಾರೂ ಕಾಯುತ್ತಿಲ್ಲದ ಅರ್ಜಿಗಳಿಗೆ ಉತ್ತರ ಬರೆಯುತ್ತ ಕೂತಿರುತ್ತದೆ. ಕೈಬಿಟ್ಟವರು ಸುಮ್ಮನಿರುತ್ತಾರೆಯೇ? ಮತ್ತೊಂದು ಅರ್ಜಿ ಹಾಕಿರುತ್ತಾರೆ.

2025ರ ಏಪ್ರಿಲ್ 12ರ ಶನಿವಾರ ದೇಶದ ಯುಪಿಐಗೆ ಆದದ್ದು ಇದೇ ಜಾತಿಯ ಕಾಯಿಲೆ. ಮಧ್ಯಾಹ್ನದ ಹೊತ್ತು ಗಂಟೆಗಟ್ಟಲೆ ಪಾವತಿಗಳು ಬಿದ್ದುಹೋದವು. ಎನ್‌ಪಿಸಿಐ ಕಂಡುಕೊಂಡ ಕಾರಣ: ‘ಆ ವಹಿವಾಟು ಏನಾಯಿತು’ ಎಂದು ವಿಚಾರಿಸುವ ಕರೆಗಳ ಪ್ರವಾಹ. ಕೆಲವು ಬ್ಯಾಂಕುಗಳ ಯಂತ್ರಗಳು ಹಳೆಯ ವಹಿವಾಟುಗಳ ಬಗ್ಗೆಯೂ ಮತ್ತೆ ಮತ್ತೆ ಕೇಳುತ್ತಿದ್ದವು. ಹಣ ಕಳಿಸಿದವರಿಗಿಂತ ಹಣ ಹೋಯಿತೇ ಎಂದು ಕೇಳಿದವರಿಂದ ವ್ಯವಸ್ಥೆ ಕುಸಿಯಿತು. ಅದೇ ತಿಂಗಳು ಸುತ್ತೋಲೆ ಹೊರಟಿತು: ಮೊದಲ ವಿಚಾರಣೆ 90 ಸೆಕೆಂಡ್ ಕಳೆದ ಮೇಲೆ, ಒಂದು ವಹಿವಾಟಿಗೆ ಹೆಚ್ಚೆಂದರೆ ಮೂರು ಸಲ. ಜೂನ್ 16ರಿಂದ ಪಾವತಿಯ ಉತ್ತರಕ್ಕಿದ್ದ ಗಡುವು 30 ಸೆಕೆಂಡಿನಿಂದ 15ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂದಾಯಿತು. ‘ನಮ್ಮ ದುಡ್ಡು ನಾವು ನೋಡಿಕೊಳ್ಳಲೂ ಲೆಕ್ಕವೇ’ ಎಂದು ಗೊಣಗಿದವರುಂಟು. ಅದೇ ಆಗಸ್ಟಿನಲ್ಲಿ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿತು. ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೂ ಸೆಕೆಂಡಿಗೆ 7,400ಕ್ಕೂ ಹೆಚ್ಚು, ಒಂದೊಂದಕ್ಕೂ ಹಲವು ಕರೆ. ಕಡಿವಾಣ ಸರಿಯಾದದ್ದೇ ಎಂದು ನನಗನ್ನಿಸುತ್ತದೆ.

ಬೇಡವೆನ್ನುವುದನ್ನು ಸರ್ವರ್ ಬೇಗ ಹೇಳಬೇಕು. ಜೆ.ಪಿ. ನಗರ 4ನೇ ಹಂತದಲ್ಲಿರುವ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ, ಪ್ರೋಗ್ರಾಂ ಬರೆದು ವ್ಯಾಪಾರ ಮಾಡುವವರಿಗೆ ತೆರೆದಿಟ್ಟ ಕಿಟಕಿಯಲ್ಲಿ ಸೆಕೆಂಡಿಗೆ ಹತ್ತು ಆರ್ಡರ್‌ಗಳ ಮಿತಿ ಇಟ್ಟಿದೆ. ಮೀರಿದರೆ 429 ಎಂಬ ಸಂಕೇತ ಹಿಂದಿರುಗುತ್ತದೆ, ‘ಬಹಳ ಕರೆಗಳಾದವು’ ಎಂದು ಅದರರ್ಥ. ಬೆಳಿಗ್ಗೆ 9:15ಕ್ಕೆ ಷೇರುಪೇಟೆ ತೆರೆದಾಗ ಎಲ್ಲರೂ ಒಟ್ಟಿಗೆ ನುಗ್ಗುವ ಜಾಗದಲ್ಲಿ ಈ ನಿಷ್ಠುರ ಬೇಕೇ ಬೇಕು. ಲಕೋಟೆ ಒಡೆದು, ಮೇಜು ಹತ್ತಿಸಿ, ಆಮೇಲೆ ಇಲ್ಲವೆಂದರೆ ಅಷ್ಟೂ ದುಡಿಮೆ ದಂಡ. ಗೂಗಲ್ 2015ರಲ್ಲಿ ಹೊರಬಿಟ್ಟ ಜಿಆರ್‌ಪಿಸಿಯಲ್ಲಿ ಕರೆಯ ಜೊತೆಗೇ ಗಡುವೂ ಹೋಗುವ ಏರ್ಪಾಟಿದೆ. ಗಡುವು ಮೀರಿದ ಅರ್ಜಿಯನ್ನು ನಿರ್ವಾಹಕ ಮುಟ್ಟದೆ ಬದಿಗಿಡಬಹುದು. ರಾಶಿ ಬಿದ್ದಾಗ ಕೊನೆಗೆ ಬಂದವರನ್ನೇ ಮೊದಲು ನೋಡುವ ಸರ್ವರ್‌ಗಳೂ ಇವೆ. ಕೇಳಲು ಅನ್ಯಾಯ, ಆದರೆ ಇನ್ನೂ ಕಾಯುತ್ತಿರುವವರು ಅವರೇ ತಾನೆ?

ಬಿರೆಲ್ ಮತ್ತು ನೆಲ್ಸನ್ ಕೊಟ್ಟ ಅನುಕೂಲವೇ ಹೊಸ ಪ್ರೋಗ್ರಾಮರುಗಳನ್ನು ದಾರಿ ತಪ್ಪಿಸುತ್ತದೆ ಎಂಬ ವಾದ ಹಳೆಯದು. 1994ರಲ್ಲಿ ಸನ್ ಕಂಪನಿಯ ಜಿಮ್ ವಾಲ್ಡೊ ಮತ್ತು ಸಂಗಡಿಗರು, ದೂರದ ಕರೆಯನ್ನು ಹತ್ತಿರದ್ದರಂತೆ ತೋರಿಸುವುದೇ ತಪ್ಪು ಎಂದು ಬರೆದರು. ನಾನೂ ಅವರ ಕಡೆಗೇ. ಒಂದು ಸಾಲಿನ ‘ಪಾವತಿಸು’ ಎಷ್ಟು ಮುದ್ದಾಗಿದೆಯೆಂದರೆ ಅದರ ಹಿಂದಿನ ‘ಏನಾಯಿತೋ ಗೊತ್ತಿಲ್ಲ’ ಕಣ್ಣಿಗೇ ಬೀಳುವುದಿಲ್ಲ.

ಯಂತ್ರಗಳೇ ತೀರ್ಮಾನಿಸಲಾಗದೆ ಉಳಿದ ವಹಿವಾಟುಗಳಿಗೆ ಬ್ಯಾಂಕುಗಳು ಆಮೇಲೆ ಎರಡೂ ಕಡೆಯ ಲೆಕ್ಕ ತಾಳೆ ನೋಡುತ್ತವೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೂ ಗಡುವು ಹಾಕಿತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಸೇರದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಕೊಟ್ಟ ಹಣಕ್ಕೆ ಖಚಿತ ಉತ್ತರ ಸಿಗದಿದ್ದರೆ ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರು ಕೊಡುವಾಗ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆಯನ್ನು ತಪ್ಪದೆ ಬರೆಯಿರಿ. ಹೆಸರು, ಹೊತ್ತು, ಮೊತ್ತ ಹೇಳಿದರೆ ಯಾರಾದರೂ ಹುಡುಕಬೇಕಾಗುತ್ತದೆ. ಸಂಖ್ಯೆ ಕೊಟ್ಟರೆ ರಿಜಿಸ್ಟರಿನ ಆ ಸಾಲನ್ನು ನೇರವಾಗಿ ತೆಗೆದು ನೋಡಬಹುದು.