ಎರಡೇ ಮಕ್ಕಳು ಸಾಕೆಂದ ಮೇಲೂ ಜನಸಂಖ್ಯೆ ಏರುವುದೇಕೆ?

“ಹೆರುವುದನ್ನು ನಿಲ್ಲಿಸದೆ ದೇಶ ಉದ್ಧಾರವಾಗದು” ಎಂಬ ಮಾತು ಅರಳಿಕಟ್ಟೆಯಿಂದ ಟಿ.ವಿ. ಚರ್ಚೆಯವರೆಗೂ ಕೇಳಿಬರುತ್ತದೆ. ಅಂಕಿಅಂಶ ಇದನ್ನು ಒಪ್ಪುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ಫಲವತ್ತತೆ ದರ 2.0, ಕರ್ನಾಟಕದ್ದು 1.7. ಅಂದರೆ, ಒಬ್ಬ ಹೆಣ್ಣಿಗೆ ಜೀವಮಾನದಲ್ಲಿ ಸರಾಸರಿ ಇಷ್ಟು ಮಕ್ಕಳು. ತಂದೆತಾಯಿಯ ತಲೆಮಾರಿನ ಜಾಗವನ್ನು ಮಕ್ಕಳ ತಲೆಮಾರು ಸರಿಯಾಗಿ ತುಂಬಲು ಸುಮಾರು 2.1 ಬೇಕು. ನಾವು ಆಗಲೇ ಅದಕ್ಕಿಂತ ಕೆಳಗಿದ್ದೇವೆ.

ಹಾಗಾದರೆ ಜನ ಹೆಚ್ಚುತ್ತಿರುವುದು ಹೇಗೆ? ಒಂದು ಊರಿನ ಲೆಕ್ಕ ಹಾಕೋಣ. ನೂರು ಜೋಡಿ, ಒಂದೊಂದು ಜೋಡಿಗೂ ಆರು ಮಕ್ಕಳು, ಎಲ್ಲವೂ ಉಳಿದವು. ಆ 600 ಮಂದಿ ತಮ್ಮತಮ್ಮಲ್ಲೇ ಮದುವೆಯಾದರೆ 300 ಜೋಡಿ. ಅವರು ಎರಡೆರಡಕ್ಕೇ ನಿಲ್ಲಿಸಿದರೂ ಮೊಮ್ಮಕ್ಕಳು 600. ಹಿರಿಯರೂ ಬದುಕಿದ್ದಾರೆ. 200 ಇದ್ದ ಊರು 800 ಆಯಿತು, ಆಮೇಲೆ 1,400. ಎರಡನೆಯ ಏರಿಕೆಯ ಕಾಲದಲ್ಲಿ ಯಾವ ಮನೆಯಲ್ಲೂ ಮೂರನೆಯ ಮಗು ಹುಟ್ಟಿಲ್ಲ! ಹೆರುವ ವಯಸ್ಸಿನವರೇ ಹೆಚ್ಚಿದ್ದರಿಂದ ಆದ ಏರಿಕೆ ಇದು. ಭೂಗೋಳದ ಪಾಠದಲ್ಲಿ ಇದನ್ನು ಜನಸಂಖ್ಯಾ ಆವೇಗ ಎನ್ನುತ್ತಾರೆ. ಹಿಂದಿನ ತಲೆಮಾರಿನ ಈ ಲೆಕ್ಕಕ್ಕೆ ಇಂದಿನ ಬಾಣಂತಿಯನ್ನು ದೂರುವುದು ಅನ್ಯಾಯ. ಏರಿಕೆ ಎಲ್ಲ ಕಡೆಯೂ ಒಂದೇ ಸಮನಾಗಿಯೂ ಇರುವುದಿಲ್ಲ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಏರಲಿಲ್ಲ, ತುಸು ಇಳಿಯಿತು.

ಮೇಲಿನ ಲೆಕ್ಕದಲ್ಲಿ “ಎಲ್ಲವೂ ಉಳಿದವು” ಎಂಬುದೇ ದೊಡ್ಡ ಮಾತು. 1951ರ ಸುಮಾರಿಗೆ ಭಾರತೀಯರ ನಿರೀಕ್ಷಿತ ಆಯುಷ್ಯ 32ರ ಆಸುಪಾಸಿನಲ್ಲಿತ್ತು. ಇದನ್ನು ಓದಿ, ಆಗಿನವರು ಮೂವತ್ತು ದಾಟಿದರೆ ಮುದುಕರು ಎಂದುಕೊಳ್ಳುವವರಿದ್ದಾರೆ. ಆದರೆ ಒಂದು ಕೂಸು ಹುಟ್ಟುತ್ತಲೇ ತೀರಿಕೊಂಡು, ಇನ್ನೊಂದು 64 ವರ್ಷ ಬಾಳಿದರೂ ಸರಾಸರಿ 32 ಆಗುತ್ತದೆ. ಆ ಸಂಖ್ಯೆಯನ್ನು ಕೆಳಗೆ ಎಳೆದದ್ದು ಮುಖ್ಯವಾಗಿ ಎಳೆಯ ಮಕ್ಕಳ ಸಾವು. ಲಸಿಕೆ, ಶುದ್ಧ ನೀರು, ಭೇದಿಗೆ ಕೊಡುವ ಓಆರ್‌ಎಸ್ ಪುಡಿ ಉಳಿಸಿದ ಜೀವಗಳೂ ಇಂದಿನ ಜನಸಂಖ್ಯೆಯಲ್ಲಿ ಸೇರಿವೆ. ಅದನ್ನು “ಸ್ಫೋಟ” ಎಂದು ಕರೆಯಲು ನನಗೆ ಮನಸ್ಸೊಪ್ಪದು.

ಒಂದು ಊರಿನ ಜನಸಂಖ್ಯೆಯನ್ನು ಬದಲಿಸುವ ಇನ್ನೊಂದು ಸಂಗತಿ ವಲಸೆ. ವಲಸೆ ಎಂದೊಡನೆ ಕಣ್ಣಿಗೆ ಕಟ್ಟುವುದು ಗಂಟುಮೂಟೆಯೊಡನೆ ಬೆಂಗಳೂರಿನಲ್ಲಿ ಬಸ್ಸಿಳಿಯುವ ಕೂಲಿಕಾರ. ಆದರೆ 2011ರ ಜನಗಣತಿಯಲ್ಲಿ ವಲಸೆಗೆ ಅತಿ ಹೆಚ್ಚು ಜನ ಕೊಟ್ಟ ಕಾರಣ ಮದುವೆ. ಅವರಲ್ಲಿ ಹೆಚ್ಚಿನವರು ಗಂಡನ ಊರಿಗೆ ಹೋದ ಹೆಣ್ಣುಮಕ್ಕಳು. ಅಲ್ಲಿ ಅವರು ನಾಟಿ ಹಾಕುತ್ತಾರೆ, ಕಳೆ ಕೀಳುತ್ತಾರೆ, ಹತ್ತಿ ಬಿಡಿಸುತ್ತಾರೆ. ಕಾರಣದ ಕಾಲಂನಲ್ಲಿ ಮದುವೆ ಎಂದು ಬರೆದ ಮೇಲೆ ವಲಸೆಯ ಲೆಕ್ಕದಲ್ಲಿ ಆ ದುಡಿಮೆ ಕಾಣುವುದಿಲ್ಲ.

ಜನಸಂಖ್ಯೆಯ ಲೆಕ್ಕದಿಂದಲೇ ಬರುವ, ಹೀಗೆಯೇ ದಾರಿ ತಪ್ಪಿಸುವ ಇನ್ನೊಂದು ಸರಾಸರಿ ತಲಾ ಆದಾಯ. ಇದು ಯಾರ ಕೈಗೂ ಬಂದ ಹಣವಲ್ಲ, ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಅಂಕಿ. ರಾಜ್ಯದ ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರಿನದೇ ಆಗಿರುವಾಗ ರಾಜ್ಯದ ಸರಾಸರಿಯಿಂದ ಯಾದಗಿರಿಯ ಮನೆಯ ಸ್ಥಿತಿ ತಿಳಿಯುವುದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಒಂದೊಂದೇ ತಾಲ್ಲೂಕನ್ನು ಅಳೆದು 2002ರಲ್ಲಿ ವರದಿ ಕೊಟ್ಟಾಗ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು.