ಹೆಸರು ಅಳಿಸಿದರೆ ಸಾಕೇ?

ಪುತ್ತೂರು, ಸುಳ್ಯ, ಕಡಬದ ಕಡೆ ಆಸಾಮಿ ಯಾರೆಂದು ತಿಳಿಯಲು ಹೆಸರೇ ಬೇಕೆಂದಿಲ್ಲ. ಊರು, ಪ್ರಾಯ, ಕಾಯಿಲೆ ಇಷ್ಟು ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೇ ಮನೆಯ ದಾರಿ ತೋರಿಸುತ್ತಾರೆ. ಹಾಗಾಗಿ ‘ಹೆಸರು ತೆಗೆದೇ ದತ್ತಾಂಶ ಹಂಚುತ್ತೇವೆ’ ಎಂಬ ಸಂಶೋಧಕರ ಮಾತನ್ನು ಇಲ್ಲಿಯವರು ಕೊಂಚ ಅನುಮಾನದಿಂದಲೇ ಕೇಳಬೇಕು.

ಇಂಥ ಹಂಚಿಕೆಗೆ ನಮ್ಮ ರಾಜ್ಯದಲ್ಲಿ ಮೂರು ದಶಕದ ಹಿನ್ನೆಲೆಯಿದೆ. 1995ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಮಿದುಳು ಬ್ಯಾಂಕ್ ಕಟ್ಟಿದರು. ತೀರಿಕೊಂಡವರ ಮನೆಯವರು ಒಪ್ಪಿದರೆ ಮಿದುಳು ಅಲ್ಲಿಗೆ ಸೇರುತ್ತದೆ, ಅದರ ತುಣುಕುಗಳು ಸಂಶೋಧಕರಿಗೆ ಹೋಗುತ್ತವೆ. ತುಣುಕು ಒಂದು ದಿನ ಮುಗಿಯುತ್ತದೆ. ದತ್ತಾಂಶ ಮುಗಿಯುವುದಿಲ್ಲ.

2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರಕ್ಕೆ ಹೋಯಿತು. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸಿ, ಮರೆವಿನ ಕಾಯಿಲೆಯ ಬೇರು ಹುಡುಕುವ ಗುರಿ. ಇಲ್ಲಿ ಒಪ್ಪಿಗೆ ಕೊಡುವವರು ಬದುಕಿರುವವರು. ಕೊಡುವುದು ರಕ್ತ, ವಂಶವಾಹಿ, ನೆನಪಿನ ಪರೀಕ್ಷೆಯ ಅಂಕ, ಎಂಆರ್‌ಐ.

ಎಂಆರ್‌ಐಯದೇ ದೊಡ್ಡ ತಕರಾರು. ತಲೆಯ ಸ್ಕ್ಯಾನಿನಲ್ಲಿ ಮಿದುಳಿನ ಜೊತೆ ಮೂಗು, ಹಣೆ, ಗಲ್ಲವೂ ಪದರಪದರವಾಗಿ ದಾಖಲಾಗುತ್ತವೆ. ಜೋಡಿಸಿದರೆ ಮುಖವೇ ಎದ್ದುಬರುತ್ತದೆ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ 84 ಮಂದಿಯ ಮೇಲೆ ಪರೀಕ್ಷಿಸಿದಾಗ, ಮುಖ ಗುರುತಿಸುವ ತಂತ್ರಾಂಶ ಶೇ 83ರಷ್ಟು ಸ್ಕ್ಯಾನುಗಳನ್ನು ಸರಿಯಾದ ಫೋಟೊಗೆ ಹೊಂದಿಸಿತು. ಈಗ ಹಂಚುವ ಮೊದಲು ಮುಖದ ಭಾಗ ಅಳಿಸುವುದು ರೂಢಿ. ಆದರೆ ಗುರುತನ್ನು ಪೂರ್ತಿ ಅಳಿಸುವಂತೆಯೂ ಇಲ್ಲ: ಸ್ಕ್ಯಾನಿನಲ್ಲಿ ಅನಿರೀಕ್ಷಿತ ಗಡ್ಡೆ ಕಂಡರೆ ಆ ಮನುಷ್ಯನಿಗೆ ತಿಳಿಸಬೇಡವೇ? ಹಾಗಾಗಿ ಹೆಸರಿನ ಬದಲು ಕೊಟ್ಟ ಸಂಕೇತಸಂಖ್ಯೆಯನ್ನು ಮತ್ತೆ ಹೆಸರಿಗೆ ಜೋಡಿಸುವ ಕೀಲಿ ಯಾರದೋ ಕೈಯಲ್ಲಿ ಇರಲೇಬೇಕು.

ನಮ್ಮ ಕಡೆಯವರಿಗೆ ಇದರ ಇನ್ನೊಂದು ಮಗ್ಗುಲು ಚೆನ್ನಾಗಿ ಗೊತ್ತು. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಫಲ ಉಣ್ಣುತ್ತಿರುವ ಮನೆಗಳಲ್ಲಿ ಮಾಸಾಶನ ಸಿಗಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಅಲ್ಲಿ ಗುಟ್ಟಾಗಿದ್ದರೆ ನಷ್ಟ. ಗೌಪ್ಯತೆಯೇ ಪರಮ ಹಿತ ಎಂದು ನಗರದಲ್ಲಿ ಕೂತು ಬರೆದ ಒಪ್ಪಿಗೆ ಪತ್ರಗಳು ಈ ಮನೆಗಳನ್ನು ನೋಡಿಲ್ಲ ಅನಿಸುತ್ತದೆ.

ನಿಯಮಗಳು ತಡವಾಗಿಯಾದರೂ ಬಂದಿವೆ. 2021ರಲ್ಲಿ ಜೈವಿಕ ದತ್ತಾಂಶ ಹಂಚಿಕೆಗೆ ಕೇಂದ್ರದ ಮಾರ್ಗಸೂಚಿ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿಯೂ ಇದೆ. ಒಪ್ಪಿಗೆ ವಾಪಸು ಪಡೆಯಬಹುದು. ಆದರೆ ಬೇರೆ ದೇಶದ ಕಂಪ್ಯೂಟರಿಗೆ ಆಗಲೇ ಇಳಿದ ಪ್ರತಿಯನ್ನು ಮರಳಿ ಕರೆಯುವವರು ಯಾರು? ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಒಬ್ಬ ಜನಸಾಮಾನ್ಯ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ದತ್ತಾಂಶ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮೇಜಿನಲ್ಲೂ ಶ್ರೀನಿವಾಸಪುರದ ಒಬ್ಬ ರೈತನಿಗೆ ಕುರ್ಚಿ ಹಾಕಲಿ.